ಟ್ಯೂಬ್ ತೆಪ್ಪದ ಲಂಗರು: ಕಲ್ಲು, ಹಗ್ಗ, ಗಂಟು

ಫ್ಲೋಟ್ ಟ್ಯೂಬ್ ಅಂದರೆ ಒಬ್ಬರು ಕೂತು ಗಾಳ ಹಾಕುವ ಗಾಳಿ ತುಂಬಿದ ತೆಪ್ಪ. ನಡುವೆ ಸೀಟು ಇರುತ್ತದೆ. ಕಾಲು ನೀರಿನಲ್ಲಿ ಇಳಿಬಿದ್ದಿರುತ್ತದೆ. ಪಾದಕ್ಕೆ ರಬ್ಬರಿನ ಫಿನ್ ಹಾಕಿಕೊಂಡು ಆಡಿಸಿದರೆ ತೆಪ್ಪ ಹಿಂದಕ್ಕೆ ಸಾಗುತ್ತದೆ. ಕೋಲಾರದ ಕೆರೆಗಳಲ್ಲಿ ಬಲೆ ಬಿಡುವವರು ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ಹೋಗುವುದನ್ನು ನೋಡಿರುತ್ತೀರಿ. ಅದೇ ಕುಟುಂಬದ ವಸ್ತು ಇದು.

ಗಾಳಿ ಇಲ್ಲದ ಬೆಳಿಗ್ಗೆ ಇದಕ್ಕೆ ಲಂಗರು ಬೇಕಿಲ್ಲ. ಫಿನ್ ಸಾಕು. ಆದರೆ ಆಷಾಢದಲ್ಲಿ, ಮಕ್ಕಳು ಗಾಳಿಪಟ ಹಾರಿಸುವ ಹೊತ್ತಿನಲ್ಲಿ, ಪಡುವಣ ಗಾಳಿ ಕೆರೆಯ ಮೇಲೆ ಒಂದೇ ಸಮನೆ ಬೀಸುತ್ತದೆ. ಕಾಲು ಗಂಟೆ ಫಿನ್ ಹೊಡೆದರೆ ತೊಡೆ ಸೋಲುತ್ತದೆ, ಗಾಳದ ಕಡೆ ಗಮನವೂ ಇರುವುದಿಲ್ಲ. ಆಗ ಲಂಗರು ಬೇಕು.

ಎಷ್ಟು ಭಾರ ಬೇಕು? ಇದನ್ನು ಅಂದಾಜಿನಲ್ಲಿ ಬಿಡದೆ ಒಂದು ಸಲ ಲೆಕ್ಕ ಹಾಕೋಣ. ಕೂತ ಮನುಷ್ಯ ಮತ್ತು ಟ್ಯೂಬ್ ಸೇರಿ ಗಾಳಿಗೆ ಒಡ್ಡುವ ಜಾಗ ಸುಮಾರು 0.6 ಚದರ ಮೀಟರ್ ಅಂತಿಟ್ಟುಕೊಳ್ಳಿ. ಗಂಟೆಗೆ 18 ಕಿಲೋಮೀಟರ್ ಗಾಳಿ ನಮ್ಮನ್ನು ಸುಮಾರು 0.9 ಕೆಜಿ ಬಲದಿಂದ ತಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅಂದರೆ 36 ಕಿಲೋಮೀಟರ್ ಗಾಳಿಗೆ ಮೂರೂವರೆ ಕೆಜಿ ದಾಟುತ್ತದೆ. ಅಂಥ ಗಾಳಿಯಲ್ಲಿ ಲಂಗರಿನ ಯೋಚನೆ ಬಿಟ್ಟು ದಡಕ್ಕೆ ಬರಬೇಕು.

ಈಗ ಕಲ್ಲಿನ ಕಡೆ ಬನ್ನಿ. ನಮ್ಮ ಕಡೆಯ ಬಂಡೆಗಲ್ಲು ನೀರಿಗಿಂತ ಸುಮಾರು 2.7 ಪಟ್ಟು ಭಾರ. ನೀರಿಗೆ ಬಿಟ್ಟಾಗ ಅದು ತನ್ನ ಗಾತ್ರದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. ದಡದಲ್ಲಿ 2 ಕೆಜಿ ತೂಗಿದ ಕಲ್ಲು ಕೆರೆಯ ತಳದಲ್ಲಿ ಬರೀ ಒಂದೂಕಾಲು ಕೆಜಿ. ಕಬ್ಬಿಣ ನೀರಿಗಿಂತ 7.8 ಪಟ್ಟು ಭಾರ, ಹಾಗಾಗಿ 2 ಕೆಜಿ ಕಬ್ಬಿಣ ತಳದಲ್ಲೂ ಒಂದೂಮುಕ್ಕಾಲು ಕೆಜಿ ಉಳಿಯುತ್ತದೆ. ಇನ್ನೂ ಒಂದು ಮಾತಿದೆ. ಸುಮ್ನೆ ಬಿದ್ದಿರುವ ಕಲ್ಲು ಜಾರದೆ ತಡೆಯುವ ಬಲ ಆ ಒಳತೂಕದ ಅರ್ಧದಷ್ಟು ಅಂತ ಹಿಡಿದರೆ ಒಳ್ಳೆಯದು. 2 ಕೆಜಿ ಕಲ್ಲು ಸುಮಾರು 0.6 ಕೆಜಿ ಬಲ ತಡೆಯುತ್ತದೆ, ಗಾಳಿ 0.9 ಎಳೆಯುತ್ತಿದೆ. ಕಲ್ಲು ಜಾರುತ್ತದೆ ಅಲ್ವಾ? 3 ಕೆಜಿ ಕಲ್ಲಾದರೆ ಆ ಗಾಳಿಗೆ ಸರಿಹೋಗುತ್ತದೆ. ಕೊಕ್ಕೆ ಲಂಗರಿನ ಲೆಕ್ಕ ಬೇರೆ. ಅದು ತೂಕದಿಂದ ಅಲ್ಲ, ತಳವನ್ನು ಕಚ್ಚಿ ಹಿಡಿಯುತ್ತದೆ. ಒಂದೂವರೆ ಕೆಜಿಯ ಮಡಚುವ ಕೊಕ್ಕೆ ಗಟ್ಟಿ ನೆಲದಲ್ಲಿ ಆ ಕಲ್ಲಿಗಿಂತ ಚೆನ್ನಾಗಿ ನಿಲ್ಲುತ್ತದೆ.

ಹಾಗಾದರೆ ಎಲ್ಲರೂ ಕೊಕ್ಕೆಯನ್ನೇ ತಗೋಬೇಕಾ? ಇಲ್ಲ. ಕೆರೆಯ ತಳ ನೋಡಿ ಆರಿಸಬೇಕು. ನಮ್ಮ ಕೆರೆಗಳು ವರ್ಷಗಟ್ಟಲೆ ಒಣಗಿದ್ದವು. ಆಗ ಅಂಗಳದ ತುಂಬ ಜಾಲಿ ಬೆಳೆದಿತ್ತು. 2018ರಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಒಂದೊಂದಾಗಿ ಕೆರೆಗಳು ತುಂಬಿದವು. ಜಾಲಿ ಕಡಿಯದೆ ನೀರು ನಿಂತ ಕಡೆ ಬುಡ, ಬೊಡ್ಡೆ ಎಲ್ಲ ಒಳಗೇ ಇವೆ. ಅದಕ್ಕೆ ಕೊಕ್ಕೆ ಸಿಕ್ಕಿಕೊಂಡರೆ ಮೇಲೆ ಬರುವುದು ಕಷ್ಟ. ಏರಿಯ ಕಲ್ಲುಕಟ್ಟಿನ ಹತ್ತಿರವೂ ಅದೇ ಗತಿ. ಅಂಥ ಕಡೆ ಗೋಣಿ ತುಂಡಿನಲ್ಲಿ ಜಲ್ಲಿಕಲ್ಲು ತುಂಬಿ ಬಾಯಿ ಕಟ್ಟಿ ಬಿಡುವುದೇ ನನಗೆ ಇಷ್ಟ. ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ಗೋಣಿ ಹರಿದು ಹಗ್ಗ ಕೈಗೆ ಬರುತ್ತದೆ. ಚೂಪು ಇಲ್ಲದ್ದರಿಂದ ಟ್ಯೂಬಿಗೂ ತೊಂದರೆ ಇಲ್ಲ. ಈರುಳ್ಳಿಯ ಪ್ಲಾಸ್ಟಿಕ್ ಬಲೆ ಚೀಲ ಮಾತ್ರ ದಯವಿಟ್ಟು ಬೇಡ. ಅದು ಕೆರೆಯಲ್ಲಿ ಉಳಿದರೆ ಆಮೆ, ಮೀನು ಸಿಕ್ಕಿ ಸಾಯುತ್ತವೆ.

ಮರಳು, ಗರಸು ಇರುವ ಅಂಚಿನಲ್ಲಿ ಕೊಕ್ಕೆ ಒಳ್ಳೆಯದು. ಮೆತ್ತನೆ ಹೂಳಿನಲ್ಲಿ ಅಣಬೆ ಆಕಾರದ ಲಂಗರು ನಿಧಾನವಾಗಿ ಹೂತು ಹಿಡಿಯುತ್ತದೆ.

ಕೊಕ್ಕೆಯನ್ನೇ ಬಳಸುವವರು ಒಂದು ಉಪಾಯ ಕಲಿತಿರಬೇಕು. ಹಗ್ಗವನ್ನು ಮೇಲಿನ ಬಳೆಗೆ ಕಟ್ಟಬೇಡಿ. ಕೊಕ್ಕೆಗಳು ಕೂಡುವ ಬುಡಕ್ಕೆ ಕಟ್ಟಿ, ಲಂಗರಿನ ನಡುಗಂಬಿಯ ಉದ್ದಕ್ಕೆ ತಂದು, ಮೇಲಿನ ಬಳೆಗೆ ಹತ್ತಿಯ ದಾರದಿಂದ ಬಿಗಿಯಿರಿ. ಮಾಮೂಲಿ ಎಳೆತಕ್ಕೆ ದಾರ ತಡೆಯುತ್ತದೆ. ಸಿಕ್ಕಿಕೊಂಡಾಗ ಲಂಗರಿನ ನೇರ ಮೇಲೆ ಬಂದು ಜಗ್ಗಿದರೆ ದಾರ ಕಿತ್ತು, ಕೊಕ್ಕೆ ಹಿಂದುಮುಂದಾಗಿ ಬಿಡಿಸಿಕೊಳ್ಳುತ್ತದೆ.

ಇನ್ನು ಹಗ್ಗ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ನೀರಿನಲ್ಲಿ ತೇಲುತ್ತದೆ. ತೇಲಿದ ಹಗ್ಗ ಫಿನ್ನಿಗೆ, ಗಾಳದ ದಾರಕ್ಕೆ ಸುತ್ತಿಕೊಳ್ಳುತ್ತದೆ. 6 ಮಿಲಿಮೀಟರ್ ನೈಲಾನ್ ಹಗ್ಗ ತಗೊಳ್ಳಿ, ಅದು ಮುಳುಗುತ್ತದೆ. ಉದ್ದ ಎಷ್ಟು? ಮಾರು ಲೆಕ್ಕದಲ್ಲೇ ಹೇಳುತ್ತೇನೆ. ಆಳ 2 ಮಾರು ಇದ್ದರೆ ಹಗ್ಗ ಕನಿಷ್ಠ 6 ಮಾರು ಬಿಡಬೇಕು. ಆಗ ಹಗ್ಗ ತಳದ ಜೊತೆ ಸುಮಾರು 20 ಡಿಗ್ರಿ ಓರೆಯಲ್ಲಿರುತ್ತದೆ. 10 ಮಾರು ಬಿಟ್ಟರೆ 12 ಡಿಗ್ರಿಗಿಂತ ಕಡಿಮೆ. ಓರೆ ಕಡಿಮೆಯಾದಷ್ಟೂ ಲಂಗರನ್ನು ಮೇಲೆತ್ತುವ ಎಳೆತ ಕಡಿಮೆ. ಬರೀ 2 ಮಾರು ಬಿಟ್ಟರೆ ಪ್ರತಿ ಅಲೆಗೂ ಲಂಗರು ಎದ್ದು ಕುಣಿಯುತ್ತದೆ. ಲಂಗರಿನ ಹತ್ತಿರ ಅರ್ಧ ಮಾರು ದನ ಕಟ್ಟುವ ಸರಪಳಿ ಸೇರಿಸಿದರೆ ಅದು ತಳದಲ್ಲಿ ಮಲಗಿ ಎಳೆತವನ್ನು ಅಡ್ಡವಾಗಿಸುತ್ತದೆ.

ಗಾಳಿ ಬೆನ್ನಿಗೆ ಬರುವ ಹಾಗೆ ಕೂರಬೇಕು. ಗಾಳ ಮುಂದಕ್ಕೆ ದೂರ ಹೋಗುತ್ತದೆ, ಅಲೆ ಎದೆಗೆ ಹೊಡೆಯುವುದಿಲ್ಲ. ಅದಕ್ಕೆ ಹಗ್ಗ ಟ್ಯೂಬಿನ ಹಿಂಬದಿಯಿಂದ ಹೊರಡಬೇಕು. ಪಕ್ಕದಿಂದ ಬಿಟ್ಟರೆ ತೆಪ್ಪ ಅಡ್ಡ ತಿರುಗಿ ಅಲೆಗೆ ವಾಲುತ್ತದೆ. ಆದರೆ ಹಿಂದೆ ಕಟ್ಟಿದ ಗಂಟಿಗೆ ಕೈ ಎಟುಕಲ್ಲ. ಆದ್ದರಿಂದ ಹಗ್ಗವನ್ನು ಹಿಂದಿನ ಬಳೆಯೊಳಗೆ ತೂರಿಸಿ ಪಕ್ಕಕ್ಕೆ ತಂದು, ಕೈಯಳತೆಯಲ್ಲಿ ಕಟ್ಟಿ. ಲಾಡಿ ಕಟ್ಟುವ ಹಾಗೆ, ತುದಿ ಎಳೆದ ಕೂಡಲೇ ಬಿಚ್ಚುವ ಗಂಟೇ ಆಗಬೇಕು. ಹಗ್ಗದ ಕೊನೆಗೆ ಬೇರೆ ಗಂಟು ಹಾಕಬೇಡಿ, ಅದು ಬಳೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸೊಂಟಕ್ಕೆ, ಕೈಗೆ, ಲೈಫ್ ಜಾಕೆಟ್ಟಿಗೆ ಹಗ್ಗ ಸುತ್ತುವುದಂತೂ ಬೇಡವೇ ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹೋದ ಆಷಾಢದಲ್ಲಿ ಕೋಲಾರ ತಾಲ್ಲೂಕಿನ ಒಂದು ಕೆರೆಯಲ್ಲಿ ಜಿಲೇಬಿ ಮೀನಿಗೆ ಗಾಳ ಹಾಕಿ ಕೂತಿದ್ದೆ. ಗಾಳಿಗೆ ಅಂತರಗಂಗೆ ಅನ್ನುವ ತೇಲುವ ಕಳೆಯ ದೊಡ್ಡ ಹಾಸು ಹಿಂದಿನಿಂದ ತೇಲಿಬಂದು ನನ್ನ ಹಗ್ಗಕ್ಕೆ ಒರಗಿತು. ನೋಡುತ್ತಿದ್ದಂತೆ ಟ್ಯೂಬಿನ ಹಿಂಬದಿ ನೀರಿಗೆ ಜಗ್ಗಿತು. ಎರಡು ಸುತ್ತು ಬಿಗಿಗಂಟು ಹಾಕಿದ್ದೆ. ಒದ್ದೆಯಾಗಿ, ಎಳೆತಕ್ಕೆ ಕಚ್ಚಿಕೊಂಡು, ಅದು ಬಿಚ್ಚಲೇ ಇಲ್ಲ. ಬಲೆ ತೆಗೆಯುತ್ತಿದ್ದ ತಾತ ಒಬ್ಬರು ಲಾರಿ ಟ್ಯೂಬಿನಲ್ಲಿ ಬಂದು ಕುಡುಗೋಲಿನಿಂದ ಹಗ್ಗ ಕತ್ತರಿಸಿದರು. "ಕಲ್ಲು ಬಿಡೋದು ಆಮೇಲೆ ಕಲಿ ಕಣಪ್ಪ, ಮೊದಲು ಹಗ್ಗ ಬಿಡೋದು ಕಲಿ" ಅಂದರು. "ಆಯ್ತು ತಾತ" ಅಂದೆ. ಆವತ್ತಿನಿಂದ ಚಾಕು ನನ್ನ ಲೈಫ್ ಜಾಕೆಟ್ಟಿನ ಎದೆಯ ಮೇಲೇ ಇರುತ್ತದೆ, ಚೀಲದಲ್ಲಿ ಅಲ್ಲ.

ಹರಿಯುವ ನೀರಿನಲ್ಲಿ ಲಂಗರು ಹಾಕಲೇಬಾರದು. ಈ ಲೆಕ್ಕವನ್ನೂ ನೋಡಿ. ನಿಧಾನ ನಡಿಗೆಯ ವೇಗದಲ್ಲಿ, ಸೆಕೆಂಡಿಗೆ 1 ಮೀಟರ್ ಹರಿಯುವ ನೀರು ಮುಳುಗಿರುವ ಕಾಲು ಮತ್ತು ಟ್ಯೂಬನ್ನು ಸುಮಾರು 20 ಕೆಜಿ ಬಲದಿಂದ ಎಳೆಯಬಹುದು. ಗಾಳಿಯ 0.9 ಕೆಜಿ ಎಲ್ಲಿ, ಇದೆಲ್ಲಿ! ಲಂಗರು ಬಿಡದೆ ಹಿಡಿದರೆ ಹಗ್ಗ ತೆಪ್ಪವನ್ನು ಕೆಳಕ್ಕೆ ಎಳೆದು ಮುಳುಗಿಸುತ್ತದೆ. ಹಾಗಾಗಿ ಕೋಡಿ ಬಿದ್ದ ಕೆರೆ, ತೆರೆದ ತೂಬಿನ ಹತ್ತಿರ ಹೋಗಬೇಡಿ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಾನಾಗಿ ಕೆಲಸ ಮಾಡುವ ಸೈಫನ್‌ಗಳಿವೆ. ನೀರಿನ ಮಟ್ಟ ಮೀರಿದಾಗ ಯಾರೂ ಗೇಟು ಎತ್ತದೆಯೇ ನೀರು ಹೊರಡುತ್ತದೆ. ಅಂಥ ಕಟ್ಟೆಯ ಮಗ್ಗುಲಲ್ಲಿ ಟ್ಯೂಬ್ ಇಳಿಸುವ ಯೋಚನೆಯೇ ಬೇಡ. ದೊಡ್ಡ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆದಾರರನ್ನು ಕೇಳಿಯೇ ಇಳಿಯಿರಿ. ಎಲ್ಲಿ ಸೆಳೆತ ಇದೆ, ಎಲ್ಲಿ ಬೊಡ್ಡೆ ಇದೆ ಅನ್ನುವುದೂ ಅವರಿಗೇ ಗೊತ್ತು.

ಎರಡು ಲಂಗರು ಹಾಕಿದರೆ ತೆಪ್ಪ ಅತ್ತಿತ್ತ ತೂಗುವುದು ನಿಲ್ಲುತ್ತದೆ, ನಿಜ. ಆದರೆ ಬಿಚ್ಚಬೇಕಾದ ಗಂಟೂ ಎರಡಾಗುತ್ತದೆ. ಕಲಿಯುವ ನಮಗೆ ಒಂದೇ ಸಾಕು.

ಮೊದಲ ಅಭ್ಯಾಸ ಸೊಂಟದಾಳದ ನೀರಿನಲ್ಲಿ, ಜೊತೆಗೆ ಒಬ್ಬರನ್ನು ದಡದಲ್ಲಿ ನಿಲ್ಲಿಸಿಕೊಂಡು ಮಾಡಿ. ಲಂಗರು ಬಿಡಿ, ಹಗ್ಗ ಬಿಗಿಯಾಗುವ ತನಕ ಕಾಯಿರಿ, ಗಂಟು ಎಳೆಯಿರಿ. ಹತ್ತು ಸಲ. ಆಮೇಲೆ ಕಣ್ಣು ಮುಚ್ಚಿಕೊಂಡು ಹತ್ತು ಸಲ. ಬಲಗೈಯಲ್ಲಿ ಗಾಳದ ಕೋಲು ಇರುತ್ತದೆ, ಆದ್ದರಿಂದ ಎಲ್ಲವನ್ನೂ ಎಡಗೈಯಲ್ಲೇ ಮಾಡಿ.