ಕ್ಯಾಮೆರಾಗೆ ಹೊರಗಿನ ಪವರ್ ಸಪ್ಲೈ: ವೋಲ್ಟೇಜ್ ಸೋರುವುದೆಲ್ಲಿ?

ಕ್ಯಾನನ್ 1500ಡಿ ಕ್ಯಾಮೆರಾದ ಎಲ್‌ಪಿ-ಇ10 ಬ್ಯಾಟರಿಯ ಮೇಲೆ 7.4 ವೋಲ್ಟ್, 860 ಎಂಎಎಚ್ ಎಂದಿರುತ್ತದೆ. ಗುಣಿಸಿದರೆ ಸುಮಾರು 6.4 ವ್ಯಾಟ್-ಅವರ್. ಮನೆಯ ತಾರಸಿಯಲ್ಲಿ ರಾತ್ರಿಯಿಡೀ ಟೈಮ್‌ಲ್ಯಾಪ್ಸ್ (ನಿಗದಿತ ಅಂತರದಲ್ಲಿ ಫೋಟೋ ತೆಗೆಯುತ್ತಾ ಹೋಗುವುದು) ಓಡಿಸಲು ಇದು ಸಾಲದು. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಎಎಚ್ ಲೆಡ್-ಆಸಿಡ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದೆ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ 42 ಎಂದು ಹಿಡಿಯೋಣ. ಅದರ 12 ವೋಲ್ಟನ್ನು ಕ್ಯಾಮೆರಾಗೆ ತಕ್ಕಷ್ಟಕ್ಕೆ ಇಳಿಸುವ ಕನ್ವರ್ಟರ್‌ನಲ್ಲಿ ಶೇ 15ರಷ್ಟು ಬಿಸಿಯಾಗಿ ಹೋದರೂ 35ರ ಮೇಲೆ ಉಳಿಯುತ್ತದೆ. ಐದೂವರೆ ಎಲ್‌ಪಿ-ಇ10 ಜೇಬಲ್ಲಿಟ್ಟುಕೊಂಡ ಹಾಗೆ.

ಬೇಕಾದ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೇ ಸುತ್ತಿಗೆ ಸಿಗುವಂಥದ್ದು: ಎಲ್‌ಎಂ2596 ಐಸಿಯ ಬಕ್ (ವೋಲ್ಟೇಜ್ ಇಳಿಸುವ) ಕನ್ವರ್ಟರ್ ಮಾಡ್ಯೂಲ್, 2 ಆಂಪಿಯರ್ ಫ್ಯೂಸ್ ಮತ್ತು ಹೋಲ್ಡರ್, 1ಎನ್5822 ಶಾಟ್ಕಿ ಡಯೋಡ್, 9.1 ವೋಲ್ಟ್ 5 ವ್ಯಾಟ್ ಝೀನರ್ (ವೋಲ್ಟೇಜ್ ಮಿತಿ ಮೀರದಂತೆ ತಡೆಹಿಡಿಯುವ ಡಯೋಡ್), 3.9 ಓಮ್ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್, ದಪ್ಪ ವೈರ್. ಡಮ್ಮಿ ಬ್ಯಾಟರಿ (ಬ್ಯಾಟರಿಯ ಜಾಗದಲ್ಲಿ ಕೂರುವ, ವೈರ್ ಇರುವ ಖಾಲಿ ಕವಚ) ಮಾತ್ರ ಕ್ಯಾಮೆರಾ ಸಾಮಾನಿನ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಕೊಳ್ಳಬೇಕು. ಹಳೆಯ ಲಿಥಿಯಂ ಬ್ಯಾಟರಿ ಸೀಳಿ ಅದರ ಕವಚ ಬಳಸುವ ಉಪಾಯ ಬೇಡ. ಸ್ಕ್ರೂಡ್ರೈವರ್ ಸೆಲ್ಲಿಗೆ ಚುಚ್ಚಿದರೆ ಬೆಂಕಿ ಹತ್ತಬಹುದು.

ಕ್ಯಾಮೆರಾಗೆ ಎಷ್ಟು ಕೊಡಬೇಕು? ಒಳಗಿನ ಬ್ಯಾಟರಿ ಎಂದರೆ ಸರಣಿಯಲ್ಲಿರುವ ಎರಡು ಲಿಥಿಯಂ ಸೆಲ್. ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಅದೇ ಮೇಲಿನ ಮಿತಿ. ನಾವು 7.6ರ ಆಸುಪಾಸಿಗೆ ಹೊಂದಿಸುತ್ತೇವೆ. ಹೊಸ ಮಾಡ್ಯೂಲ್ ಅಂಗಡಿಯಿಂದ ಬಂದಾಗ ಪ್ರಿಸೆಟ್ (ತಿರುಗಿಸಿ ವೋಲ್ಟೇಜ್ ಹೊಂದಿಸುವ ರೆಸಿಸ್ಟರ್) ಎಲ್ಲಿ ನಿಂತಿದೆಯೋ ಗೊತ್ತಿರುವುದಿಲ್ಲ, ಔಟ್‌ಪುಟ್ 11 ವೋಲ್ಟ್ ಕೂಡ ಇದ್ದೀತು. ಮಲ್ಟಿಮೀಟರ್‌ನಲ್ಲಿ ಅಳೆಯದೆ ಡಮ್ಮಿಯನ್ನು ಕ್ಯಾಮೆರಾ ಹತ್ತಿರಕ್ಕೂ ಒಯ್ಯಬೇಡಿ.

ಆ ಪ್ರಿಸೆಟ್ಟನ್ನು ತೆಗೆದುಬಿಡುವುದೇ ಮೇಲು. ಸಾಮಾನ್ಯ ಮಾಡ್ಯೂಲಿನಲ್ಲಿ ಅದು ಔಟ್‌ಪುಟ್ ಮತ್ತು ಫೀಡ್‌ಬ್ಯಾಕ್ ಪಿನ್ (ಔಟ್‌ಪುಟ್ ಎಷ್ಟಿದೆಯೆಂದು ಐಸಿ ನೋಡಿಕೊಳ್ಳುವ ಕಾಲು) ನಡುವೆ ಇರುತ್ತದೆ. ಫೀಡ್‌ಬ್ಯಾಕ್‌ನಿಂದ ಗ್ರೌಂಡಿಗೆ ‘331’ ಎಂದು ಬರೆದ 330 ಓಮ್ ರೆಸಿಸ್ಟರ್. ಧೂಳಿಗೋ ತೇವಕ್ಕೋ ಪ್ರಿಸೆಟ್ಟಿನ ಸಂಪರ್ಕ ತಪ್ಪಿತೆನ್ನಿ. ಫೀಡ್‌ಬ್ಯಾಕ್ ಸೊನ್ನೆಗಿಳಿಯುತ್ತದೆ, ವೋಲ್ಟೇಜ್ ಕಡಿಮೆಯಾಯಿತೆಂದು ಐಸಿ ಭ್ರಮಿಸಿ ಇನ್‌ಪುಟ್ಟನ್ನು ಹೆಚ್ಚುಕಡಿಮೆ ಇಡಿಯಾಗಿ ಔಟ್‌ಪುಟ್ಟಿಗೆ ದಾಟಿಸುತ್ತದೆ. ಕ್ಯಾಮೆರಾ ಅಲ್ಲಿಗೆ ಮುಗಿಯಿತು. ಬದಲಿಗೆ 1.5 ಕಿಲೋ ಓಮ್ ಮತ್ತು 220 ಓಮ್, ಎರಡೂ ಶೇ 1ರ ಮೆಟಲ್ ಫಿಲ್ಮ್, ಸರಣಿಯಲ್ಲಿ ಸೋಲ್ಡರ್ ಮಾಡಿ. ಐಸಿ ಫೀಡ್‌ಬ್ಯಾಕ್ ಪಿನ್ನಿನಲ್ಲಿ ಕಾಯ್ದುಕೊಳ್ಳುವ ರೆಫರೆನ್ಸ್ 1.23 ವೋಲ್ಟ್. 1.23 × (1 + 1720/330) = 7.64 ವೋಲ್ಟ್. ನಿಮ್ಮ ಮಾಡ್ಯೂಲಿನಲ್ಲಿ ‘301’ ಇದ್ದರೆ ಅದು 300 ಓಮ್, ಲೆಕ್ಕ ಮತ್ತೆ ಹಾಕಿ. ಇಷ್ಟಾದರೂ ನಂಬಿಕೆ ಸಾಲದು: ಔಟ್‌ಪುಟ್‌ಗೆ ಅಡ್ಡಲಾಗಿ ಝೀನರ್ ಇರಲಿ, ಬೆಳ್ಳಿಪಟ್ಟಿ ಪ್ಲಸ್ ಕಡೆಗೆ. ಫ್ಯೂಸ್ 12 ವೋಲ್ಟ್ ಬ್ಯಾಟರಿಯ ಪ್ಲಸ್ ಲಗ್ಗಿಗೆ ಒಂದು ಗೇಣಿನೊಳಗೇ ಇರಬೇಕು. ಅದಕ್ಕೂ ಹಿಂದಿನ ವೈರ್ ಶಾರ್ಟ್ ಆದರೆ ಕಾಯುವವರಿಲ್ಲ.

ಪ್ಲಸ್-ಮೈನಸ್ ಅದಲುಬದಲಾದರೂ ಹಾನಿಯಾಗದಿರಲು ಶಾಟ್ಕಿ ಡಯೋಡ್ ಹಾಕುತ್ತೇವಲ್ಲ, ಅದನ್ನು ಹಲವರು ಔಟ್‌ಪುಟ್ ಕಡೆ ಹಾಕುತ್ತಾರೆ. ಅಲ್ಲಿ ಹಾಕಿದರೆ ಸುಮಾರು 0.4 ವೋಲ್ಟ್ ಸುಮ್ಮನೆ ನಷ್ಟ, ಅದೂ ಕರೆಂಟ್ ಏರಿದಂತೆ ಏರುವ ನಷ್ಟ. ಕನ್ವರ್ಟರಿನ ಮುಂಚೆ ಹಾಕಿ. ಅಲ್ಲಿ ಬಿದ್ದದ್ದನ್ನು ಕನ್ವರ್ಟರ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಕನ್ವರ್ಟರ್‌ನಿಂದ ಡಮ್ಮಿಗೆ ಹೋಗುವ ವೈರಿನ ಧ್ರುವವನ್ನಂತೂ ನೀವೇ ಡಮ್ಮಿಯ ಲೋಹದ ಪಟ್ಟಿಗಳ ಮೇಲೆ ಮೀಟರ್ ಇಟ್ಟು, ಅಸಲಿ ಬ್ಯಾಟರಿಯ ಗುರುತಿನೊಂದಿಗೆ ಹೋಲಿಸಿ ನೋಡಬೇಕು.

ಈಗ ಎಲ್ಲರನ್ನೂ ಕಾಡುವ ತೊಂದರೆ: ಕ್ಯಾಮೆರಾ ಆನ್ ಆಗುತ್ತದೆ, ಮೆನು ತೋರಿಸುತ್ತದೆ, ಶಟರ್ ಒತ್ತಿದೊಡನೆ ಸತ್ತುಹೋಗುತ್ತದೆ. ಮಾಡ್ಯೂಲ್ ಕೆಟ್ಟಿದೆಯೆಂದು ಹೊಸದು ತರಲು ಓಡುತ್ತೇವೆ. ತಪ್ಪು ಹೆಚ್ಚಾಗಿ ವೈರಿನದು. 24 ಗೇಜಿನ (ಎಡಬ್ಲ್ಯೂಜಿ ಲೆಕ್ಕ; ಸಂಖ್ಯೆ ಕಡಿಮೆಯಾದಷ್ಟೂ ವೈರ್ ದಪ್ಪ) ತಾಮ್ರಕ್ಕೆ ಮೀಟರಿಗೆ 0.084 ಓಮ್. ಎರಡು ಮೀಟರ್ ಕೇಬಲ್ ಎಂದರೆ ಹೋಗಿಬರುವ ದಾರಿ ನಾಲ್ಕು ಮೀಟರ್, 0.34 ಓಮ್. ಕನ್ನಡಿ ಎತ್ತುವ ಮೋಟರ್ ಕ್ಷಣಕಾಲ 2 ಆಂಪಿಯರ್ ಎಳೆದರೆ 0.67 ವೋಲ್ಟ್ ವೈರಿನಲ್ಲೇ ಬೀಳುತ್ತದೆ, 7.64 ಇದ್ದದ್ದು 6.97. ಸಡಿಲ ಜ್ಯಾಕ್ ಇನ್ನಷ್ಟು ಕದಿಯುತ್ತದೆ. 18 ಗೇಜ್ ಹಾಕಿದರೆ ಅದೇ ದೂರಕ್ಕೆ ಬೀಳುವುದು 0.17 ಮಾತ್ರ. ಕನ್ವರ್ಟರನ್ನು ಟ್ರೈಪಾಡ್ ಕಾಲಿಗೇ ಕಟ್ಟಿ, ಉದ್ದದ ವೈರ್ 12 ವೋಲ್ಟ್ ಕಡೆ ಇರುವಂತೆ ಮಾಡಿದರೆ ಇನ್ನೂ ಚೆಂದ.

ದೊಡ್ಡ ಕೆಪಾಸಿಟರ್ ಹಾಕಿದರೆ ಸಾಲದೇ? 1000 ಮೈಕ್ರೋಫ್ಯಾರಡ್ ಒಂದರಿಂದಲೇ 2 ಆಂಪಿಯರ್ ಎಳೆದರೆ ಮಿಲಿಸೆಕೆಂಡಿಗೆ 2 ವೋಲ್ಟ್ ಇಳಿಯುತ್ತದೆ. ಮೋಟರ್ ತಿರುಗುವುದು ಹತ್ತಾರು ಮಿಲಿಸೆಕೆಂಡ್. ತೆಳು ವೈರಿನ ಪಾಪವನ್ನು ಕೆಪಾಸಿಟರ್ ತೊಳೆಯಲಾರದು.

ಇಷ್ಟು ಚುಟುಕು ಕುಸಿತ ಮಲ್ಟಿಮೀಟರಿಗೆ ಕಾಣುವುದಿಲ್ಲ. ಅದಕ್ಕೇ ಆ ಸಿಮೆಂಟ್ ರೆಸಿಸ್ಟರ್: ಡಮ್ಮಿಯ ಪಟ್ಟಿಗಳಿಗೆ ಅಡ್ಡಲಾಗಿ ಐದು ಸೆಕೆಂಡ್ ಹಿಡಿಯಿರಿ, ಸುಮಾರು 1.9 ಆಂಪಿಯರ್ ಹರಿಯುತ್ತದೆ. ಆಗ ಅಲ್ಲೇ ಅಳೆದ ವೋಲ್ಟೇಜ್ 7.3ರ ಮೇಲಿದ್ದರೆ ಸರಿ. ಹೆಚ್ಚು ಹೊತ್ತು ಹಿಡಿದರೆ ಕೈ ಸುಡುತ್ತದೆ. 10 ವ್ಯಾಟ್ ರೆಸಿಸ್ಟರಿನ ಮೇಲೆ 14 ವ್ಯಾಟ್ ಸುರಿಯುತ್ತಿದ್ದೀರಿ.

ಕ್ಯಾಮೆರಾದ ಬ್ಯಾಟರಿ ಚಿಹ್ನೆಯನ್ನು ಇನ್ನು ಮರೆತುಬಿಡಿ. ಕನ್ವರ್ಟರ್ ವೋಲ್ಟೇಜನ್ನು ಅಲುಗಾಡಲು ಬಿಡುವುದಿಲ್ಲ, ಆದ್ದರಿಂದ ಅದು ಕೊನೆಯವರೆಗೂ ಒಂದೇ ತೋರಿಸುತ್ತಿರುತ್ತದೆ. ನೋಡಬೇಕಾದ್ದು ಲೆಡ್-ಆಸಿಡ್ ಬ್ಯಾಟರಿಯನ್ನು: ಲೋಡ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 12.7 ಇದ್ದರೆ ತುಂಬಿದೆ, 12.1ಕ್ಕೆ ಬಂದರೆ ಅರ್ಧ ಖಾಲಿ, ಅಲ್ಲಿಗೆ ನಿಲ್ಲಿಸಿ. ಡಮ್ಮಿಯ ವೈರ್ ಹೊರಬರುವ ರಬ್ಬರ್ ಮುಚ್ಚಳ ಕ್ಯಾಮೆರಾದಲ್ಲೇ ಇದೆ. ವೈರ್ ಅದರೊಳಗೆ ಕೂರದೆ ಬ್ಯಾಟರಿ ಬಾಗಿಲು ಪೂರ್ತಿ ಮುಚ್ಚದಿದ್ದರೆ ಕ್ಯಾಮೆರಾ ಆನ್ ಆಗುವುದೇ ಇಲ್ಲ.