ಹಿಂದಕ್ಕೆ ತಿರುಗಲು ಕಲಿತ ಡೀಸೆಲ್ ಇಂಜಿನ್

ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಹಳೆಯ ಲಿಸ್ಟರ್ ಮಾದರಿಯ ಇಂಜಿನ್ ಶುರು ಮಾಡುವುದನ್ನು ನೋಡಿದವರಿಗೆ ಈ ಕಥೆಯ ಅರ್ಧ ಗೊತ್ತಿದ್ದಂತೆಯೇ. ಮೊದಲು ವಾಲ್ವ್ ಎತ್ತಿ ಹಿಡಿಯುವ ಸಣ್ಣ ಲಿವರ್. ಆಮೇಲೆ ಹ್ಯಾಂಡಲ್ ಹಾಕಿ ಮೈಯೆಲ್ಲ ಬಗ್ಗಿಸಿ ತಿರುಗಿಸುವುದು. ಫ್ಲೈವೀಲ್ ವೇಗ ಹಿಡಿದ ಮೇಲೆ ಲಿವರ್ ಬಿಟ್ಟರೆ 'ಡುಬ್' ಎಂದು ಕರಿಹೊಗೆ. ಲಿವರ್ ಎತ್ತದೆ ತಿರುಗಿಸಲು ಹೋದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿ ಹ್ಯಾಂಡಲನ್ನು ಕದಲಲು ಬಿಡುವುದಿಲ್ಲ.

ಉಗಿ ಇಂಜಿನ್ನಿಗೆ ಈ ರಗಳೆ ಇರಲಿಲ್ಲ. ಬಾಯ್ಲರಿನಲ್ಲಿ ಒತ್ತಡ ಮೊದಲೇ ಸಿದ್ಧವಿರುತ್ತಿತ್ತು; ವಾಲ್ವ್ ತೆರೆದರೆ ಚಲನೆ, ಲಿವರ್ ಆಚೆ ಸರಿಸಿದರೆ ಹಿನ್ನಡೆ. ಡೀಸೆಲ್ ಹಾಗಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಕಾಯಿಸಿದರೆ ಮಾತ್ರ ಎಣ್ಣೆ ಹೊತ್ತಿಕೊಳ್ಳುತ್ತದೆ, ಅಂದರೆ ಓಡಲು ಮೊದಲು ಓಡಬೇಕು! 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಪರೀಕ್ಷೆಗೆ ಒಡ್ಡಿದ ಇಂಜಿನ್ ಸುಮಾರು 20 ಅಶ್ವಶಕ್ತಿಯದು. ಇನ್ನೂ ದೊಡ್ಡವಕ್ಕೆ ಕೈಬಲ ಎಲ್ಲಿ ಸಾಲಬೇಕು? ಟ್ಯಾಂಕಿನಲ್ಲಿ ತುಂಬಿಟ್ಟ ಒತ್ತಡದ ಗಾಳಿಯನ್ನು ಸಿಲಿಂಡರಿಗೆ ಬಿಟ್ಟು ಪಿಸ್ಟನ್ ತಳ್ಳಿಸುವುದೇ ರೂಢಿಯಾಯಿತು.

ಕಾರ್ಖಾನೆಗೆ ಅಷ್ಟೇ ಸಾಕಾಗಿತ್ತು. ಹಡಗಿಗೆ ಸಾಲದು. ಹಡಗಿಗೆ ಬ್ರೇಕಿಲ್ಲ, ನಿಲ್ಲಬೇಕೆಂದರೆ ಪ್ರೊಪೆಲ್ಲರ್ ಉಲ್ಟಾ ತಿರುಗಬೇಕು.

ನೊಬೆಲ್ ಸಹೋದರರ ಎಣ್ಣೆ ಕಂಪನಿ 1903ರಲ್ಲಿ ರಷ್ಯಾದ ಜಲಮಾರ್ಗಕ್ಕೆ ಇಳಿಸಿದ 'ವಂಡಾಲ್' ಹಡಗು ಈ ತೊಡಕನ್ನು ಸುತ್ತುಬಳಸಿ ದಾಟಿತು. ಅದರಲ್ಲಿ ತಲಾ 120 ಅಶ್ವಶಕ್ತಿಯ ಮೂರು ಇಂಜಿನ್. ಅವು ಒಂದೇ ದಿಕ್ಕಿನಲ್ಲಿ ಓಡುತ್ತ ಜನರೇಟರ್ ತಿರುಗಿಸುತ್ತಿದ್ದವು. ವಿದ್ಯುತ್ ಮೋಟಾರ್ ಪ್ರೊಪೆಲ್ಲರನ್ನು ಬೇಕಾದ ಕಡೆ ತಿರುಗಿಸುತ್ತಿತ್ತು. ಜಾಣತನ ಹೌದು, ಆದರೆ ದುಬಾರಿ: ಸದಾ ಮುಂದಕ್ಕೇ ಹೋಗುವ ದೋಣಿಗೆ ಆಗೀಗ ಹಿಂದೆ ಬರಲೆಂದು ಇಡೀ ವಿದ್ಯುತ್ ಸ್ಥಾವರ ಹೊರಿಸಿದಂತೆ. ಮರುವರ್ಷದ 'ಸರ್ಮಾತ್'ನಲ್ಲಿ ಮುಂದಕ್ಕೆ ಹೋಗುವಾಗ ಇಂಜಿನ್ ನೇರವಾಗಿ ಪ್ರೊಪೆಲ್ಲರಿಗೆ ಜೋಡಣೆಯಾಗುತ್ತಿತ್ತು, ಹಿಂದಕ್ಕೆ ಮಾತ್ರ ವಿದ್ಯುತ್. ಫ್ರಾನ್ಸಿನ ಕಾಲುವೆ ದೋಣಿ 'ಪೆಟಿ ಪಿಯರ್' ಪ್ರೊಪೆಲ್ಲರಿನ ಎಲೆಗಳ ಓರೆಯನ್ನೇ ಬದಲಿಸಿ ನೋಡಿತು.

ನಿಜವಾದ ಉತ್ತರ ಗಾಳಿಯ ಟ್ಯಾಂಕಿನಲ್ಲೇ ಇತ್ತು. ಹಿಂದಕ್ಕೆ ಹೋಗುವುದೆಂದರೆ ಇಂಜಿನ್ ನಿಲ್ಲಿಸಿ ಉಲ್ಟಾ ದಿಕ್ಕಿನಲ್ಲಿ ಮತ್ತೆ ಶುರು ಮಾಡುವುದು, ಅಷ್ಟೇ. ಆದರೆ ವಾಲ್ವ್‌ಗಳು ತೆರೆಯುವ ಹೊತ್ತೂ ಬದಲಾಗಬೇಕು. ಅದಕ್ಕಾಗಿ ಕ್ಯಾಮ್‌ಶಾಫ್ಟಿನ, ಅಂದರೆ ತಿರುಗುತ್ತ ವಾಲ್ವ್ ತೆರೆಸುವ ದಂಡದ, ಮೇಲೆ ಪ್ರತಿ ವಾಲ್ವಿಗೂ ಅಕ್ಕಪಕ್ಕ ಎರಡು ಕ್ಯಾಮ್ (ಉಬ್ಬು) ಇಟ್ಟರು, ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಕ್ಯಾಮಿನ ಮೇಲೆ ಉರುಳುವ ರೋಲರುಗಳನ್ನು ಎತ್ತಿ, ಶಾಫ್ಟನ್ನು ಉದ್ದಕ್ಕೆ ಸರಿಸಿ, ರೋಲರ್ ಇಳಿಸಿ, ಗಾಳಿ ಬಿಡುವುದು. ಎತ್ತುವುದನ್ನು ಮರೆತರೆ ಕ್ಯಾಮ್ ರೋಲರಿಗೆ ಅಡ್ಡ ಬಡಿದು ಮುರಿಯುವ ಅಪಾಯ. ಎರಡು ಸ್ಟ್ರೋಕಿನ, ಅಂದರೆ ಪಿಸ್ಟನ್ನಿನ ಎರಡೇ ಓಟಕ್ಕೆ ಒಂದು ಸರದಿ ಮುಗಿಸುವ, ಇಂಜಿನ್ನಿನಲ್ಲಿ ಹೊಂದಿಸಬೇಕಾದ ವಾಲ್ವ್ ಕಡಿಮೆ. ಸ್ವಿಟ್ಜರ್ಲೆಂಡಿನ ಸುಲ್ಝರ್ ಕಂಪನಿ 1905ರ ಹೊತ್ತಿಗೇ ಹಿಂದಕ್ಕೂ ತಿರುಗುವ ಅಂಥದ್ದನ್ನು ಕಟ್ಟಿತ್ತು. ನಾಲ್ಕು ಸ್ಟ್ರೋಕಿನದನ್ನು ನೊಬೆಲರ ಸೇಂಟ್ ಪೀಟರ್ಸ್‌ಬರ್ಗ್ ಕಾರ್ಖಾನೆ 1908ರಲ್ಲಿ ಮಾಡಿತು.

1912ರ ಫೆಬ್ರುವರಿಯಲ್ಲಿ ಡೆನ್ಮಾರ್ಕಿನ 'ಸೆಲಾಂಡಿಯಾ' ಬ್ಯಾಂಕಾಕಿಗೆ ಹೊರಟಿತು. ತಲಾ 1,250 ಅಶ್ವಶಕ್ತಿಯ ಎರಡು ಇಂಜಿನ್, ಎರಡೂ ತಾವೇ ಹಿಂದಕ್ಕೆ ತಿರುಗುವಂಥವು. ಹೊಗೆಕೊಳವೆಯಿಲ್ಲದ ಆ ಹಡಗನ್ನು ನೋಡಲು ಲಂಡನ್ನಿನಲ್ಲಿ ಚರ್ಚಿಲ್ ಕೂಡ ಬಂದಿದ್ದರು.

ಬಂದರಿನಲ್ಲಿ ಹಿಂದೆಮುಂದೆ ಮಾಡಿದಷ್ಟೂ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ಹಾಗಾಗಿ ಇಂಥ ಇಂಜಿನ್ನಿನ ಹಡಗಿಗೆ ಇವತ್ತಿಗೂ ಒಂದು ನಿಯಮವಿದೆ: ಮತ್ತೆ ತುಂಬದೆ ಕನಿಷ್ಠ 12 ಸಲ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ, ಶುರು ಮಾಡುವಷ್ಟು ಗಾಳಿ ಟ್ಯಾಂಕಿನಲ್ಲಿರಬೇಕು.