ಇಳಿಜಾರು: ಚಲನೆಯ ನಕ್ಷೆ ಓದುವವರಿಗೆ ಒಂದು ಪದ ಪರಿಚಯ

ಒಂಬತ್ತನೆಯ ತರಗತಿಯಲ್ಲಿ ‘ಚಲನೆ’ ಪಾಠ ಬಂದಾಗ ನಾನು ಹಲಗೆಯ ಮೇಲೆ ಮೊದಲು ಬರೆಯುವುದು ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟ ಚಿಗರಿ ಬಸ್ಸಿನ ದೂರ–ಕಾಲ ನಕ್ಷೆಯನ್ನು: ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ದೂರ. ಸುಮಾರು 22 ಕಿ.ಮೀ. ಉದ್ದದ ಆ ಮಾರ್ಗದಲ್ಲಿ ಬಸ್ಸಿಗೆ ತನ್ನದೇ ಆದ ಪಥವಿರುವುದರಿಂದ, ಎರಡು ನಿಲ್ದಾಣಗಳ ನಡುವೆ ಅದು ಹೆಚ್ಚುಕಡಿಮೆ ಒಂದೇ ಸಮನೆ ಓಡುತ್ತದೆಂದು ಮಕ್ಕಳು ಸುಲಭವಾಗಿ ಒಪ್ಪುತ್ತಾರೆ. ಎಡತುದಿಯಿಂದ ಬಲಕ್ಕೆ ಏರುತ್ತ ಹೋದ ಗೆರೆ ಏನು ಹೇಳುತ್ತದೆ ಎಂದು ಕೇಳಿದರೆ ಮಾತ್ರ, ಪ್ರತಿವರ್ಷವೂ ಯಾರಾದರೊಬ್ಬರು ಎದ್ದು ನಿಂತು, “ಬಸ್ಸು ದಿಬ್ಬಾ ಏರಾಕತ್ತೈತ್ರಿ ಸರ್” ಎನ್ನುತ್ತಾರೆ. ಈ ತಪ್ಪನ್ನು ತಿದ್ದುವುದು ನಮ್ಮ ಕಡೆ ತುಸು ಹೆಚ್ಚೇ ಕಷ್ಟ, ಏಕೆಂದರೆ ಧಾರವಾಡ ನಿಜವಾಗಿಯೂ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ರಸ್ತೆಯೂ ಏರುತ್ತದೆ, ಗೆರೆಯೂ ಏರುತ್ತದೆ; ಎರಡೂ ಸೇರಿ ಹುಡುಗನ ತಪ್ಪಿಗೆ ಸಾಕ್ಷಿ ನುಡಿಯುತ್ತವೆ.

ಗೊಂದಲದಲ್ಲಿ ಪದದ ಪಾಲೂ ಇದೆ. ದಿನಬಳಕೆಯಲ್ಲಿ ಇಳಿಜಾರು ಎಂದರೆ ಸೈಕಲ್ಲಿನ ಪೆಡಲ್ ತುಳಿಯುವುದನ್ನು ಬಿಡುವ ಜಾಗ, ಮಳೆಯ ನೀರು ಓಡಿಹೋಗುವ ದಿಕ್ಕು. ‘ಇಳಿ’ ಮತ್ತು ‘ಜಾರು’ ಎರಡೂ ಕೆಳಮುಖವಾದ ಕ್ರಿಯೆಗಳು. ಗಣಿತದಲ್ಲಿಯಾದರೋ ಮೇಲಕ್ಕೆ ಹೋಗುವ ಗೆರೆಗೂ ಇಳಿಜಾರು ಇರುತ್ತದೆ, ಮಟ್ಟಸವಾಗಿ ಮಲಗಿದ ಗೆರೆಗೂ ಇರುತ್ತದೆ; ಅದರ ಬೆಲೆ ಸೊನ್ನೆ, ಅಷ್ಟೇ. ಗೆರೆಯ ಮೇಲಿನ ಎರಡು ಬಿಂದುಗಳನ್ನು ತೆಗೆದುಕೊಂಡು, ಅವುಗಳ ನಡುವೆ ಲಂಬ ಅಕ್ಷದಲ್ಲಾದ ಬದಲಾವಣೆಯನ್ನು ಅಡ್ಡ ಅಕ್ಷದಲ್ಲಾದ ಬದಲಾವಣೆಯಿಂದ ಭಾಗಿಸಿದಾಗ ದೊರೆಯುವ ಬೆಲೆಯೇ ಇಳಿಜಾರು.

ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಬಸ್ಸು ಮೊದಲ 8 ನಿಮಿಷಗಳಲ್ಲಿ 4 ಕಿ.ಮೀ. ಹೋಯಿತು, 2 ನಿಮಿಷ ನಿಂತಿತು, ಮುಂದಿನ 10 ನಿಮಿಷಗಳಲ್ಲಿ 6 ಕಿ.ಮೀ. ಓಡಿತು. ಮೊದಲ ತುಂಡಿನ ಇಳಿಜಾರು ನಿಮಿಷಕ್ಕೆ 0.5 ಕಿ.ಮೀ., ಅಂದರೆ ಗಂಟೆಗೆ 30 ಕಿ.ಮೀ.; ಮೂರನೆಯದು ಗಂಟೆಗೆ 36 ಕಿ.ಮೀ.; ನಡುವಿನ ಮಟ್ಟಸ ತುಂಡಿನದು ಸೊನ್ನೆ. ಆ ಮಟ್ಟಸ ತುಂಡನ್ನು ಕಂಡು ‘ಬಸ್ಸು ಸಪಾಟು ರಸ್ತೆಯಲ್ಲಿ ಹೋಗುತ್ತಿದೆ’ ಎನ್ನುವವರೂ ಇದ್ದಾರೆ. ಬಸ್ಸು ನಿಂತೇ ಇದೆ, ಓಡುತ್ತಿರುವುದು ಗಡಿಯಾರ. ರಸ್ತೆಯ ಇಳಿಜಾರಿನಲ್ಲಿ ಮೀಟರನ್ನು ಮೀಟರಿನಿಂದ ಭಾಗಿಸುವುದರಿಂದ ಬರೀ ಸಂಖ್ಯೆ ಉಳಿಯುತ್ತದೆ. ಇಲ್ಲಿ ದೂರವನ್ನು ಕಾಲದಿಂದ ಭಾಗಿಸಿದ್ದೇವೆ, ಆದ್ದರಿಂದ ಉತ್ತರಕ್ಕೆ ಏಕಮಾನ ಅಂಟಿಕೊಂಡಿದೆ. ಪಠ್ಯಪುಸ್ತಕ ‘ಜವ’ ಎಂದು ಕರೆಯುವುದು ಇದನ್ನೇ.

ಇಳಿಜಾರನ್ನು ಕೋನಮಾಪಕದಿಂದ ಅಳೆಯಲು ಹೊರಡುವ ಮಕ್ಕಳನ್ನೂ ಕಂಡಿದ್ದೇನೆ. ಒಂದೇ ಬೆಂಚಿನ ಇಬ್ಬರು ಇದೇ ಬಸ್ಸಿನ ನಕ್ಷೆಯನ್ನು ಬರೆದರು: ಒಬ್ಬಳು 1 ಸೆಂ.ಮೀ.ಗೆ 1 ಕಿ.ಮೀ. ಎಂದು ಪ್ರಮಾಣ ಹಿಡಿದಿದ್ದಳು, ಇನ್ನೊಬ್ಬಳು 2 ಕಿ.ಮೀ. ಎಂದು. ಒಬ್ಬಳ ಗೆರೆ ಕಡಿದಾಗಿ ನಿಂತಿತು, ಇನ್ನೊಬ್ಬಳದು ಒರಗಿಕೊಂಡಿತು. ನಿನ್ನದು ತಪ್ಪು, ನಿನ್ನದು ತಪ್ಪು ಎಂದು ಜಗಳವೂ ಆಯಿತು. ಕೋನ ಪ್ರಮಾಣದೊಂದಿಗೆ ಬದಲಾಗುತ್ತದೆ, ಇಳಿಜಾರು ಬದಲಾಗುವುದಿಲ್ಲ. ಅಕ್ಷಗಳ ಮೇಲಿನ ಅಂಕಿಗಳನ್ನು ಓದಿ ಭಾಗಿಸಿದಾಗ ಇಬ್ಬರಿಗೂ ಗಂಟೆಗೆ 30 ಕಿ.ಮೀ. ಎಂದೇ ಬಂತು.

ಬಸ್ಸು ಹುಬ್ಬಳ್ಳಿಗೆ ಮರಳಿದರೆ? ದೂರ–ಕಾಲ ನಕ್ಷೆಯ ಗೆರೆ ಆಗಲೂ ಕೆಳಗಿಳಿಯುವುದಿಲ್ಲ, ಏಕೆಂದರೆ ಕ್ರಮಿಸಿದ ದೂರ ಕೂಡುತ್ತಲೇ ಹೋಗುತ್ತದೆ. ಲಂಬ ಅಕ್ಷದಲ್ಲಿ ‘ಹುಬ್ಬಳ್ಳಿಯಿಂದ ಬಸ್ಸು ಇರುವ ಸ್ಥಾನ’ವನ್ನು ಗುರುತಿಸಿದಾಗ ಮಾತ್ರ ಗೆರೆ ಇಳಿಯುತ್ತದೆ, ಇಳಿಜಾರು ಋಣವಾಗುತ್ತದೆ. ಋಣ ಚಿಹ್ನೆ ಹೇಳುವುದು ದಿಕ್ಕನ್ನು. ದಿಕ್ಕು ಸೇರಿದ ಈ ಬೆಲೆಗೆ ‘ವೇಗ’ ಎಂದು ಹೆಸರು.

ಇಂಥ ನಕ್ಷೆ ಪರೀಕ್ಷೆಗೆಂದೇ ಹುಟ್ಟಿದ್ದಲ್ಲ. ರೈಲುಗಳ ಓಡಾಟವನ್ನು ನಿಯಂತ್ರಿಸುವ ಕಂಟ್ರೋಲ್ ಆಫೀಸುಗಳಲ್ಲಿ ಬಹುಕಾಲ ಪೆನ್ಸಿಲಿನಿಂದ ಬರೆಯುತ್ತಿದ್ದ, ಈಗ ಕಂಪ್ಯೂಟರಿನ ಪರದೆಗೆ ಬಂದಿರುವ ಚಾರ್ಟು ಕೂಡ ಸ್ಥಾನ–ಕಾಲ ನಕ್ಷೆಯೇ: ಅಡ್ಡಕ್ಕೆ ವೇಳೆ, ಉದ್ದಕ್ಕೆ ನಿಲ್ದಾಣಗಳ ಹೆಸರು. ಹುಬ್ಬಳ್ಳಿಯಿಂದ ಗದಗಕ್ಕೆ ಹೊರಟ ಗಾಡಿಯ ಗೆರೆ ಒಂದು ಕಡೆಗೆ ವಾಲಿದರೆ, ಗದಗದಿಂದ ಬರುವ ಗಾಡಿಯದು ಅದಕ್ಕೆ ಎದುರಾಗಿ ವಾಲುತ್ತದೆ. ಎಕ್ಸ್‌ಪ್ರೆಸ್ಸಿನ ಗೆರೆ ಕಡಿದು, ಗೂಡ್ಸಿನದು ಒರಗಿದ್ದು. ಎದುರುಬದುರಿನ ಎರಡು ಗೆರೆಗಳು ಕತ್ತರಿಸುವ ಬಿಂದುವಿನಲ್ಲಿ ಎರಡು ಗಾಡಿಗಳು ಒಂದೇ ವೇಳೆಗೆ ಒಂದೇ ಜಾಗದಲ್ಲಿರುತ್ತವೆ. ಒಂದೇ ಹಳಿಯಿರುವ ಮಾರ್ಗದಲ್ಲಿ ಆ ಬಿಂದು ನಿಲ್ದಾಣದ ಗೆರೆಯ ಮೇಲೆಯೇ ಬೀಳಬೇಕು.

ಲಂಬ ಅಕ್ಷದಲ್ಲಿ ದೂರದ ಬದಲು ವೇಗವನ್ನು ಬರೆದ ಕ್ಷಣ ಇಳಿಜಾರಿನ ಅರ್ಥವೂ ಬದಲಾಗುತ್ತದೆ. ಈಗ ಅದು ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ. ನಿಂತ ಬಸ್ಸು 20 ಸೆಕೆಂಡುಗಳಲ್ಲಿ ಸೆಕೆಂಡಿಗೆ 10 ಮೀಟರ್ ವೇಗ ಪಡೆದರೆ, ಗೆರೆಯ ಇಳಿಜಾರು ಪ್ರತಿ ಸೆಕೆಂಡಿನ ವರ್ಗಕ್ಕೆ 0.5 ಮೀಟರ್. ಇಲ್ಲಿ ಮಟ್ಟಸ ಗೆರೆಯೆಂದರೆ ಬಸ್ಸು ನಿಂತಿದೆ ಎಂದಲ್ಲ, ವೇಗ ಬದಲಾಗುತ್ತಿಲ್ಲ ಎಂದು. ಇಳಿಯುವ ಗೆರೆಯೆಂದರೆ ಬಸ್ಸು ತಿರುಗಿ ಬರುತ್ತಿದೆ ಎಂದಲ್ಲ, ಚಾಲಕ ಬ್ರೇಕ್ ಒತ್ತಿದ್ದಾನೆ ಎಂದು. ಆ ಗೆರೆ ಕಾಲದ ಅಕ್ಷವನ್ನು ದಾಟಿ ಕೆಳಗಿಳಿದರೆ ಮಾತ್ರ ಬಸ್ಸು ಹಿಂದಕ್ಕೆ ಹೊರಟಿತೆನ್ನಬಹುದು. ಇನ್ನು ಗೆರೆಯ ಕೆಳಗಿನ ತ್ರಿಭುಜದ ವಿಸ್ತೀರ್ಣ, ಅಂದರೆ 20ರ ಅರ್ಧವನ್ನು 10ರಿಂದ ಗುಣಿಸಿ ಬಂದ 100, ಬಸ್ಸು ಕ್ರಮಿಸಿದ ದೂರವನ್ನು ಕೊಡುತ್ತದೆ. ವಿಸ್ತೀರ್ಣವೆಂಬ ಹೆಸರಿಗೆ ಮರುಳಾಗಿ ಅದರ ಮುಂದೆ ‘ಚದರ ಮೀಟರ್’ ಎಂದು ಬರೆಯುವವರ ಉತ್ತರಪತ್ರಿಕೆಗಳು ನನ್ನ ಮೇಜಿಗೆ ಈಗಲೂ ಬರುತ್ತಿವೆ. ಸೆಕೆಂಡನ್ನು ‘ಸೆಕೆಂಡಿಗೆ ಮೀಟರ್’ನಿಂದ ಗುಣಿಸಿದರೆ ಉಳಿಯುವುದು ಬರೀ ಮೀಟರ್.